ರೈಲು ಬಿಟ್ಟುಕೊಟ್ಟ ಹಾದಿಯಲ್ಲಿ ನಡಿಗೆ, ಸೈಕಲ್ ಸವಾರಿ

ಅಮೆರಿಕದ ಒಹಾಯೊ ರಾಜ್ಯದಲ್ಲಿರುವ ಮಕ್ಕಳ ಮನೆಗೆ ನಾಲ್ಕಾರು ತಿಂಗಳ ಮಟ್ಟಿಗೆ ಹೊರಟಿದ್ದೀರಾ? ಹಾಗಾದರೆ ಈ ಮಾಹಿತಿ ನಿಮಗೆ ಬೇಕಾದೀತು. ಸಿನ್ಸಿನಾಟಿ, ಮೇಸನ್, ಡೇಟನ್ ಸುತ್ತಮುತ್ತ ನೆಲೆಸಿರುವ ಕನ್ನಡಿಗರಿಗೂ ಉಪಯೋಗವಾಗಬಹುದು. ಅಲ್ಲಿಗೆ ಹೋಗಿಬಂದ ಹಿರಿಯರ ದೂರು ಹೆಚ್ಚುಕಡಿಮೆ ಒಂದೇ: ಮಕ್ಕಳು ಕೆಲಸಕ್ಕೆ ಹೋದ ಮೇಲೆ ಹೊತ್ತು ಹೋಗುವುದಿಲ್ಲ, ಬೀದಿಯಲ್ಲಿ ನಡೆಯುವವರೇ ಕಾಣುವುದಿಲ್ಲ, ಮಂಡಿ ಬಿಗಿಯುತ್ತದೆ. ಮನೆಯಿಂದ ಕಾರಿನಲ್ಲಿ ಸ್ವಲ್ಪ ಹೊತ್ತು ಹೋದರೆ ಕಾರು, ಲಾರಿ, ಬೈಕು ಯಾವುದೂ ಬಾರದ, ಮರಗಳ ನೆರಳಿನ, ನದಿಯ ಪಕ್ಕದ ಟಾರು ಹಾದಿಯೊಂದು ಸಿಗುತ್ತದೆ. ಹೆಸರು ಲಿಟ್ಲ್ ಮಯಾಮಿ ಸೀನಿಕ್ ಟ್ರೇಲ್. ಫ್ಲಾರಿಡಾದ ಮಯಾಮಿ ನಗರಕ್ಕೂ ಇದಕ್ಕೂ ಸಂಬಂಧವಿಲ್ಲ. ಇದು ಒಹಾಯೊದಲ್ಲೇ ಹುಟ್ಟಿ, ಅಲ್ಲೇ ಒಹಾಯೊ ನದಿಯನ್ನು ಸೇರುವ ಲಿಟ್ಲ್ ಮಯಾಮಿ ನದಿಯ ಹಾದಿ.

ಟ್ರೇಲ್ ಎಂದರೆ ಕಾಲುಹಾದಿ. ಇದು ರೈಲ್ ಟ್ರೇಲ್, ಅಂದರೆ ರೈಲು ನಿಂತುಹೋದ ಮೇಲೆ ಹಳಿ ಕಿತ್ತು, ಆ ಜಾಗದಲ್ಲೇ ಮಾಡಿದ ಹಾದಿ. ಉದ್ದ ಸುಮಾರು 78 ಮೈಲಿ, ನಮ್ಮ ಲೆಕ್ಕದಲ್ಲಿ 125 ಕಿಲೋಮೀಟರು. ದಕ್ಷಿಣದ ತುದಿ ಸಿನ್ಸಿನಾಟಿ ನಗರದ ಅಂಚಿನಲ್ಲಿದೆ, ಉತ್ತರದ ತುದಿ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನಲ್ಲಿ.

"ರೈಲು ಹಾದಿಯಲ್ಲಿ ನಡೆಯುವುದು ಅಪರಾಧವಲ್ಲವೇ?" ಎಂದು ನಿಮಗೆ ಅನ್ನಿಸಿದರೆ ಅದು ಸರಿಯಾದ ಪ್ರಶ್ನೆಯೇ. ಸಕಲೇಶಪುರ–ಸುಬ್ರಹ್ಮಣ್ಯ ನಡುವಿನ ಘಟ್ಟದ ಹಳಿಯ ಮೇಲೆ ಒಂದು ಕಾಲದಲ್ಲಿ ಚಾರಣಕ್ಕೆ ಹೋಗುತ್ತಿದ್ದರು. ಅಲ್ಲೀಗ ರೈಲು ಓಡುತ್ತಿದೆ. ಹಾಗೆ ನಡೆಯುವುದು ಶಿಕ್ಷಾರ್ಹ, ಪ್ರಾಣಕ್ಕೂ ಅಪಾಯ. ಲಿಟ್ಲ್ ಮಯಾಮಿಯಲ್ಲಿ ಹಳಿಯೂ ಇಲ್ಲ, ರೈಲೂ ಇಲ್ಲ. ಹಳಿ ಮತ್ತು ಸ್ಲೀಪರುಗಳನ್ನು ತೆಗೆದು, ಕೆಳಗಿನ ಗಟ್ಟಿ ದಿಣ್ಣೆಯನ್ನು ಸಮ ಮಾಡಿ, ಟಾರು ಹಾಕಿದ್ದಾರೆ. ಈಗ ಅದು ಪಾರ್ಕಿನ ಜಾಗ.

ರೈಲು ಏಕೆ ಹೋಯಿತು ಎನ್ನುವುದನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಲಿಟ್ಲ್ ಮಯಾಮಿ ರೈಲು ಕಂಪನಿಗೆ 1836ರಲ್ಲಿ ಪರವಾನಗಿ ಸಿಕ್ಕಿತು. ಒಹಾಯೊದ ಗವರ್ನರ್ ಆಗಿದ್ದ ಜೆರಮಾಯಾ ಮಾರೊ ಅದರ ಮೊದಲ ಅಧ್ಯಕ್ಷ. 1846ರ ಹೊತ್ತಿಗೆ ಹಳಿ ಸ್ಪ್ರಿಂಗ್‌ಫೀಲ್ಡ್ ಮುಟ್ಟಿತು. 1861ರ ಫೆಬ್ರವರಿಯಲ್ಲಿ ಅಧ್ಯಕ್ಷ ಪದವಿ ಸ್ವೀಕರಿಸಲು ಹೊರಟಿದ್ದ ಅಬ್ರಹಾಂ ಲಿಂಕನ್ ಸಿನ್ಸಿನಾಟಿಯಿಂದ ಕೊಲಂಬಸ್‌ಗೆ ಹೋದದ್ದು ಇದೇ ಹಾದಿಯಲ್ಲಿ. ನೀವು ಚಹಾದ ಫ್ಲಾಸ್ಕ್ ಹಿಡಿದು ನಡೆಯುವ ಲವ್‌ಲ್ಯಾಂಡ್, ಮಾರೊ ಊರುಗಳ ಮೂಲಕವೇ ಆ ರೈಲು ಸಾಗಿತ್ತು. ಇಪ್ಪತ್ತನೇ ಶತಮಾನದಲ್ಲಿ ಹೆದ್ದಾರಿಗಳು ಬಂದವು, ಸರಕು ಲಾರಿಗಳ ಪಾಲಾಯಿತು, ಜನ ಕಾರು ಕೊಂಡರು, ಮಾರ್ಗ ನಿಂತುಹೋಯಿತು. 1980ರ ದಶಕದಿಂದ ಅದು ತುಂಡುತುಂಡಾಗಿ ಸೈಕಲ್ ಹಾದಿಯಾಗುತ್ತ ಬಂತು.

ಅಮೆರಿಕದಲ್ಲಿ ಇಂಥ ಹಾದಿಗಳು ಒಟ್ಟು 40,000 ಕಿಲೋಮೀಟರಿಗೂ ಹೆಚ್ಚಿವೆ. ಇದಕ್ಕೆ ನೆರವಾದದ್ದು 1983ರಲ್ಲಿ ಬಂದ ಒಂದು ಕಾನೂನು ತಿದ್ದುಪಡಿ. ಬಳಕೆ ತಪ್ಪಿದ ರೈಲು ಮಾರ್ಗವನ್ನು ತುಂಡು ಮಾಡಿ ಕಳೆದುಕೊಳ್ಳದೆ, ಮುಂದೆಂದಾದರೂ ರೈಲಿಗೆ ಬೇಕಾದೀತೆಂದು ಇಡಿಯಾಗಿ ಕಾದಿರಿಸಬಹುದು. ಅಲ್ಲಿಯತನಕ ಜನ ಅದನ್ನು ಹಾದಿಯಾಗಿ ಬಳಸಬಹುದು. ಇದಕ್ಕೆ ರೈಲ್‌ಬ್ಯಾಂಕಿಂಗ್ ಎನ್ನುತ್ತಾರೆ. 1990ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. ಒಮ್ಮೆ ಮನೆ, ಅಂಗಡಿ ಎದ್ದ ಜಾಗದಲ್ಲಿ ನೂರು ಕಿಲೋಮೀಟರಿನ ನೇರ ಪಟ್ಟಿಯನ್ನು ಮತ್ತೆ ಕೂಡಿಸುವುದು ಯಾರಿಂದಲೂ ಆಗದ ಕೆಲಸ. ಆ ದೃಷ್ಟಿಯಿಂದ ಇದು ಬಹಳ ದೂರಾಲೋಚನೆಯ ಕಾನೂನು ಎಂದೇ ನನ್ನ ಭಾವನೆ.

ಇನ್ನು ನಿಮ್ಮ ಮಂಡಿಗೆ ಸಂಬಂಧಿಸಿದ ವಿಷಯ. ಹಬೆ ಎಂಜಿನ್ ಕಡಿದಾದ ಏರನ್ನು ಹತ್ತಲಾರದು. ಅದಕ್ಕೇ ಆಗಿನ ಎಂಜಿನಿಯರುಗಳು ನದಿಯನ್ನು ಹಿಡಿದು ಹೋದರು. ನೀರು ಸಾವಿರಾರು ವರ್ಷ ಕೊರೆದು ಮಾಡಿದ ಸಮತಟ್ಟು ಕಣಿವೆ ಸಿದ್ಧವಾಗಿಯೇ ಇತ್ತು. ಗುಡ್ಡ ಅಡ್ಡ ಬಂದರೆ ಕಡಿದರು, ತಗ್ಗು ಬಂದರೆ ಮಣ್ಣು ತುಂಬಿದರು, ಹಳ್ಳ ಬಂದರೆ ಸೇತುವೆ ಕಟ್ಟಿದರು. ಆ ಶ್ರಮದ ಫಲ ಇವತ್ತು ಸೈಕಲ್ ತುಳಿಯುವ ಅರವತ್ತೈದರ ಅಜ್ಜಿಗೆ ಸಿಗುತ್ತಿದೆ. ಹದಿನೈದು ವರ್ಷದಿಂದ ಸೈಕಲ್ ಮುಟ್ಟದವರೂ ಈ ಹಾದಿಯಲ್ಲಿ ಧೈರ್ಯವಾಗಿ ಶುರುಮಾಡಬಹುದು. ಗಾಲಿಕುರ್ಚಿಯವರು, ಮಗುವಿನ ತಳ್ಳುಗಾಡಿಯವರು, ಶಸ್ತ್ರಚಿಕಿತ್ಸೆಯಾಗಿ ಕೋಲು ಹಿಡಿದು ನಡೆಯುವವರು ಎಲ್ಲರೂ ಇಲ್ಲಿ ಕಾಣುತ್ತಾರೆ.

ಆದರೆ ಸಮತಟ್ಟು ಎಂದು ಕಣ್ಣಿಗೆ ಕಂಡರೂ ಹಾದಿ ನದಿಯ ಜೊತೆ ತುಸುವೇ ವಾಲಿರುತ್ತದೆ. ನದಿ ದಕ್ಷಿಣಕ್ಕೆ ಹರಿಯುತ್ತದೆ. ಆದ್ದರಿಂದ ದಕ್ಷಿಣಕ್ಕೆ ಹೋಗುವಾಗ ಸೈಕಲ್ ತಾನೇ ಓಡಿದಂತಿರುತ್ತದೆ, ಉತ್ತರಕ್ಕೆ ತಿರುಗಿದಾಗ ಕಾಲು ಭಾರವಾಗುತ್ತದೆ. ಹೊಸಬರು ಖುಷಿಯಲ್ಲಿ ನದಿಯೊಡನೆ ಇಳಿದು ದೂರ ಹೋಗಿ, ಮರಳುವಾಗ ಬಸವಳಿಯುವುದು ಹೀಗೆಯೇ. ಮೊದಲು ಉತ್ತರಕ್ಕೆ, ನೀರು ಬರುವ ದಿಕ್ಕಿಗೆ ಹೋಗಿ. ದಣಿವು ಗೊತ್ತಾಗುವ ಮೊದಲೇ ತಿರುಗಿ. ಹಿಂದಿರುಗುವ ಹಾದಿ ಹಗುರಾಗಿರುತ್ತದೆ. ಗಾಳಿ ಜೋರಿದ್ದರೆ ಮಾತ್ರ ಈ ಲೆಕ್ಕ ತಲೆಕೆಳಗು: ಎದುರುಗಾಳಿಯಲ್ಲಿ ಹೋಗಿ, ಬೆನ್ನಗಾಳಿಯಲ್ಲಿ ಬನ್ನಿ.

ಇನ್ನೊಂದು ವಿಷಯವಿದೆ. ದೊಡ್ಡ ಇಳಿಜಾರಿಲ್ಲದ ಹಾದಿಯಲ್ಲಿ ಕಾಲಿಗೆ ಬಿಡುವೂ ಇಲ್ಲ. ಒಂದೇ ಸಮ ತುಳಿಯುತ್ತಲೇ ಇರಬೇಕು, ಕೂತಲ್ಲೇ ಕೂರಬೇಕು. ಮೊದಲ ದಿನ ನೋಯುವುದು ಮಂಡಿಗಿಂತ ಹೆಚ್ಚಾಗಿ ಸೀಟಿಗೆ ಒತ್ತುವ ಮೂಳೆ ಮತ್ತು ಅಂಗೈ. ಇಪ್ಪತ್ತು ನಿಮಿಷಕ್ಕೊಮ್ಮೆ ಇಳಿದು ನಾಲ್ಕು ಹೆಜ್ಜೆ ನಡೆಯಿರಿ. ಗೇರ್ ಇದ್ದರೆ ಕಾಲಿಗೆ ಹಗುರವೆನಿಸುವ ಗೇರಿನಲ್ಲೇ ಇರಿ. ನಿಧಾನಕ್ಕೆ ಒತ್ತಿ ತುಳಿಯುವುದಕ್ಕಿಂತ ಹಗುರಾಗಿ ಬೇಗಬೇಗ ತುಳಿಯುವುದು ಮಂಡಿಗೆ ಒಳ್ಳೆಯದು.

125 ಕಿಲೋಮೀಟರಿನಲ್ಲಿ ಎಲ್ಲಿಂದ ಶುರುಮಾಡುವುದು? ನನ್ನ ಸಲಹೆ ಲವ್‌ಲ್ಯಾಂಡ್. ಇದು ಸಿನ್ಸಿನಾಟಿಯ ಈಶಾನ್ಯಕ್ಕಿರುವ ಚಿಕ್ಕ ಊರು, ಹಾದಿ ಪೇಟೆಯ ನಡುವೆಯೇ ಹಾಯುತ್ತದೆ. ಕಾರು ನಿಲ್ಲಿಸಲು ಜಾಗ, ಶೌಚಾಲಯ, ಸೈಕಲ್ ಬಾಡಿಗೆ, ಐಸ್‌ಕ್ರೀಮ್ ಅಂಗಡಿ ಎಲ್ಲ ಕೈಗೆಟುಕುವಷ್ಟು ಹತ್ತಿರ. ಶನಿವಾರ, ಭಾನುವಾರ ಜನ ಕಿಕ್ಕಿರಿಯುತ್ತಾರೆ. ರೂಢಿಯಿಲ್ಲದವರು ವಾರದ ದಿನ ಬೆಳಿಗ್ಗೆ ಹೋಗುವುದು ವಾಸಿ. ಅಲ್ಲಿಂದ ಉತ್ತರಕ್ಕೆ ಸುಮಾರು 20 ಕಿಲೋಮೀಟರು ದೂರದಲ್ಲಿ ಮಾರೊ. ನಡುವೆ ಕಿಂಗ್ಸ್ ಮಿಲ್ಸ್ ಬಳಿ ಹಾದಿಯ ಪಕ್ಕದಲ್ಲೇ ಪೀಟರ್ಸ್ ಕಾರ್ಟ್ರಿಜ್ ಎಂಬ ಹಳೆಯ ತೋಟಾ ಕಾರ್ಖಾನೆಯ ಕೆಂಪು ಇಟ್ಟಿಗೆ ಕಟ್ಟಡಗಳು ಎದ್ದುನಿಂತಿವೆ. ಬಂದೂಕಿನ ಗುಂಡು ತಯಾರಾಗುತ್ತಿದ್ದ ಜಾಗದಲ್ಲೀಗ ಮನೆಗಳಾಗಿವೆ.

ಮಾರೊ ದಾಟಿದರೆ ಕಾಡು ದಟ್ಟವಾಗುತ್ತದೆ. ನನಗೆ ಇಡೀ ಹಾದಿಯಲ್ಲಿ ಅತ್ಯಂತ ಇಷ್ಟದ ಭಾಗ ಇದೇ. ಆಗಾಗ ನದಿ ಕಾಣುತ್ತದೆ. ನದಿಯಂಚಿನ ಸಿಕಮೋರ್ ಮರಗಳನ್ನು ಗುರುತಿಸುವುದು ಸುಲಭ: ಬುಡದಲ್ಲಿ ಕಂದು ತೊಗಟೆ ಚಕ್ಕೆಚಕ್ಕೆಯಾಗಿ ಕಳಚಿ, ಮೇಲಿನ ಕೊಂಬೆಗಳೆಲ್ಲ ಸುಣ್ಣ ಬಳಿದಷ್ಟು ಬೆಳ್ಳಗೆ. ಮುಂದೆ ತಲೆಯ ಮೇಲೆ, 239 ಅಡಿ ಎತ್ತರದಲ್ಲಿ, ಹೆದ್ದಾರಿಯ ಜೋಡಿ ಸೇತುವೆ ಕಣಿವೆಯನ್ನು ದಾಟುತ್ತದೆ. ರೈಲು ಕಂಪನಿಯ ಆ ಮೊದಲ ಅಧ್ಯಕ್ಷರ ಹೆಸರೇ ಅದಕ್ಕೂ ಇದೆ. ಪಕ್ಕದ ಗುಡ್ಡದ ತಲೆಯ ಮೇಲೆ ಫೋರ್ಟ್ ಏನ್ಶಿಯಂಟ್. ಸುಮಾರು ಎರಡು ಸಾವಿರ ವರ್ಷದ ಹಿಂದೆ ಅಲ್ಲಿನ ಮೂಲನಿವಾಸಿಗಳು ಬುಟ್ಟಿಯಲ್ಲಿ ಮಣ್ಣು ಹೊತ್ತು ಕಟ್ಟಿದ ಉದ್ದನೆಯ ದಿಬ್ಬಗಳಿವು. 2023ರಲ್ಲಿ ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ತಾಣಗಳಲ್ಲಿ ಇದೂ ಒಂದು. ಅದನ್ನು ನೋಡಲು ಬೇರೆ ದಿನ ಕಾರಿನಲ್ಲಿ ಹೋಗಿ. ಹಾದಿಯಿಂದ ಗುಡ್ಡ ಕಡಿದು. ಮಾರೊದಿಂದ ಕಾರ್ವಿನ್‌ವರೆಗಿನ ಈ ಭಾಗದಲ್ಲಿ ಅಂಗಡಿಗಳು ಕಡಿಮೆ. ನೀರು, ತಿಂಡಿ ಜೊತೆಗಿಟ್ಟುಕೊಳ್ಳಿ, ಒಬ್ಬರೇ ಹೋಗಬೇಡಿ.

ಕಾರ್ವಿನ್ ಊರು ಬಿಟ್ಟು, ಸ್ಪ್ರಿಂಗ್ ವ್ಯಾಲಿ ಎಂಬ ಊರು ಆದಮೇಲೆ ಹಾದಿ ನದಿಯನ್ನು ಬಿಟ್ಟು ಜೀನಿಯಾ ಕಡೆಗೆ ಮೆಲ್ಲಗೆ ಏರುತ್ತದೆ. ನೆರಳೂ ಕಡಿಮೆ. ಜೀನಿಯಾ ನಾಲ್ಕೂ ದಿಕ್ಕಿನ ಸೈಕಲ್ ಹಾದಿಗಳು ಸೇರುವ ಜಂಕ್ಷನ್. ಹಳೆಯ ನಿಲ್ದಾಣದ ಮಾದರಿಯಲ್ಲೇ ಕಟ್ಟಿರುವ ಕಟ್ಟಡದಲ್ಲಿ ಶೌಚಾಲಯ, ಕುಡಿಯುವ ನೀರು ಇವೆ. ಡೇಟನ್ ಕಡೆಯವರಿಗೆ ಇದು ಹತ್ತಿರ. ಉತ್ಸಾಹವಿದ್ದವರು ಇಲ್ಲಿಂದ ಕೊಲಂಬಸ್ ಮೂಲಕ ಕ್ಲೀವ್‌ಲ್ಯಾಂಡ್‌ವರೆಗೂ ಹೋಗಬಹುದು. ಸಿನ್ಸಿನಾಟಿಯಿಂದ ಕ್ಲೀವ್‌ಲ್ಯಾಂಡ್‌ಗಿರುವ 326 ಮೈಲಿಯ ಒಹಾಯೊ ಟು ಈರಿ ಟ್ರೇಲ್‌ಗೆ ನಮ್ಮ ಈ ಹಾದಿಯೂ ಒಂದು ಕೊಂಡಿ.

ಹಾದಿಯಲ್ಲಿ ಹೇಗೆ ನಡೆದುಕೊಳ್ಳಬೇಕು? ನಮ್ಮವರಿಗೆ ತೊಡಕಾಗುವುದು ಇಲ್ಲೇ. ಅಲ್ಲಿ ಎಲ್ಲವೂ ಬಲಬದಿ. ನಡೆಯುವವರೂ ಸೈಕಲ್ಲಿನವರೂ ಬಲಕ್ಕೇ ಇರಬೇಕು. ಹಿಂದಿನಿಂದ ಬರುವವರು ಎಡಗಡೆಯಿಂದ ದಾಟುತ್ತಾರೆ. ದಾಟುವ ಮೊದಲು ಬೆಲ್ ಹೊಡೆಯುತ್ತಾರೆ, ಇಲ್ಲವೇ "ಆನ್ ಯುವರ್ ಲೆಫ್ಟ್" ಎನ್ನುತ್ತಾರೆ. "ನಿಮ್ಮ ಎಡಗಡೆಯಿಂದ ಬರುತ್ತಿದ್ದೇನೆ, ನೀವು ಇದ್ದಲ್ಲೇ ಇರಿ" ಎಂದು ಅದರ ಅರ್ಥ. ಹೊಸಬರ ಕಿವಿಗೆ "ಲೆಫ್ಟ್" ಒಂದೇ ಬಿದ್ದು, ಗಾಬರಿಯಿಂದ ಎಡಕ್ಕೇ ಹಾರಿ ಡಿಕ್ಕಿ ಹೊಡೆಸಿಕೊಳ್ಳುವ ಸಂಭವವುಂಟು. ಆ ಮಾತು ಕೇಳಿದರೆ ಹಿಂದೆ ತಿರುಗಬೇಡಿ, ದಿಕ್ಕು ಬದಲಿಸಬೇಡಿ. ಸಾಗುತ್ತಿದ್ದ ಹಾಗೆಯೇ ಸಾಗಿ. ನಾಲ್ಕು ಜನ ಮಾತಾಡುತ್ತ ಅಡ್ಡಲಾಗಿ ನಡೆಯುವುದು ನಮ್ಮ ಅಭ್ಯಾಸ. ಅಲ್ಲಿ ಇಬ್ಬರಿಬ್ಬರಾಗಿ, ಹಿಂದೆ ಯಾರಾದರೂ ಬಂದರೆ ಒಬ್ಬರ ಹಿಂದೊಬ್ಬರಾಗಿ ನಡೆಯಿರಿ. ಫೋಟೊ ತೆಗೆಯಲು ನಿಲ್ಲುವುದಾದರೆ ಟಾರು ಬಿಟ್ಟು ಪಕ್ಕಕ್ಕೆ ಬನ್ನಿ.

ಹಾದಿ ಆಗಾಗ ರಸ್ತೆಯನ್ನು ದಾಟುತ್ತದೆ. ಅಪಾಯ ಹೆಚ್ಚಿರುವುದು ಅಲ್ಲಿ. ಸ್ಟಾಪ್ ಫಲಕ ಹಾದಿಯವರಿಗೂ ಅನ್ವಯಿಸುತ್ತದೆ. ಕೆಲವೆಡೆ ಕಾರುಗಳು ಒಳನುಗ್ಗದಂತೆ ಹಾದಿಯ ನಡುಮಧ್ಯೆ ಗಿಡ್ಡ ಕಂಬ ನೆಟ್ಟಿರುತ್ತಾರೆ. ಮುಂದಿನ ಸೈಕಲ್ಲಿನ ಬೆನ್ನಿಗೇ ಹೋಗುತ್ತಿದ್ದರೆ ಆ ಕಂಬ ಕಾಣುವುದೇ ಇಲ್ಲ. ರಸ್ತೆ ಹತ್ತಿರವಾಯಿತು ಎಂದಾಗ ಸೈಕಲ್ ಇಳಿದು ತಳ್ಳಿಕೊಂಡು ದಾಟಿ. ಹಿರಿಯರು ಇದರಲ್ಲಿ ಸಂಕೋಚಪಡಬೇಕಾಗಿಲ್ಲ. ನೆರಳಿರುವಲ್ಲೆಲ್ಲ ಮರದ ಬೇರು ಟಾರನ್ನು ಕೆಳಗಿನಿಂದ ಎತ್ತಿ, ಅಡ್ಡಡ್ಡ ಉಬ್ಬುಗಳಾಗಿರುತ್ತವೆ. ಎಲೆ ಉದುರುವ ಕಾಲದಲ್ಲಿ ಅವು ಮುಚ್ಚಿಹೋಗುತ್ತವೆ. ಅಂಥಲ್ಲಿ ಹ್ಯಾಂಡಲ್ ಸಡಿಲವಾಗಿ ಹಿಡಿಯಬೇಡಿ.

ಸೈಕಲ್ ಬಾಡಿಗೆಗೆ ತೆಗೆದುಕೊಳ್ಳುವಾಗ ಎಲ್ಲಕ್ಕಿಂತ ಮೊದಲು ಬ್ರೇಕ್ ನೋಡಿ. ನಮ್ಮ ಊರಿನ ಸೈಕಲ್ಲಿನಲ್ಲಿ ಸಾಮಾನ್ಯವಾಗಿ ಬಲಗೈ ಮುಂದಿನ ಚಕ್ರದ ಬ್ರೇಕು, ಎಡಗೈ ಹಿಂದಿನದು. ಅಮೆರಿಕದಲ್ಲಿ ಇದು ತಿರುಗಮುರುಗ: ಎಡಗೈ ಮುಂದಿನದು. ಗಾಬರಿಯಲ್ಲಿ ಹಳೆಯ ಅಭ್ಯಾಸದಂತೆ ಎಡಗೈ ಬಿಗಿದರೆ ಮುಂದಿನ ಚಕ್ರ ಹಿಡಿದು ಮುಗ್ಗರಿಸುತ್ತೀರಿ. ಏರುವ ಮೊದಲು ಸೈಕಲ್ ತಳ್ಳುತ್ತ, ಒಂದೊಂದೇ ಬ್ರೇಕ್ ಒತ್ತಿ, ಯಾವ ಚಕ್ರ ನಿಲ್ಲುತ್ತದೆ ಎಂದು ಕೈಗೆ ಪರಿಚಯ ಮಾಡಿಸಿಕೊಳ್ಳಿ. ಎರಡನ್ನೂ ಒಟ್ಟಿಗೆ, ಮೆಲ್ಲಗೆ ಒತ್ತುವುದು ಒಳ್ಳೆಯ ರೂಢಿ. ಕೆಲವು ಸೈಕಲ್ಲುಗಳಲ್ಲಿ ಕೈಬ್ರೇಕೇ ಇರುವುದಿಲ್ಲ. ಪೆಡಲನ್ನು ಹಿಂದಕ್ಕೆ ತುಳಿದರೆ ನಿಲ್ಲುತ್ತದೆ.

ನಡುವೆ ಅಡ್ಡಪೈಪಿಲ್ಲದ ಸೈಕಲ್ಲನ್ನು ನಮ್ಮಲ್ಲಿ ಲೇಡೀಸ್ ಸೈಕಲ್ ಎನ್ನುತ್ತೇವೆ. ಅಲ್ಲಿ ಗಂಡಸರೂ ಅದನ್ನೇ ಕೇಳಿ ಪಡೆಯಬಹುದು. ಕಾಲು ಎತ್ತಿ ಹಾಯಿಸುವ ಕಷ್ಟವಿಲ್ಲ. ಅಲ್ಲಿನ ಸೈಕಲ್ಲುಗಳಿಗೆ ಚೈನ್ ಕವರ್ ಇರುವುದು ಅಪರೂಪ. ಚೂಡಿದಾರದ ಪ್ಯಾಂಟಿನ ಬಲಗಾಲಿನ ತುದಿಯನ್ನು ರಬ್ಬರ್ ಬ್ಯಾಂಡಿನಿಂದ ಬಿಗಿಯಿರಿ. ದುಪಟ್ಟಾ ಮನೆಯಲ್ಲೇ ಇರಲಿ, ಚಕ್ರಕ್ಕೆ ಸಿಕ್ಕರೆ ಕುತ್ತಿಗೆಗೇ ಅಪಾಯ. ಸೀಟಿನ ಎತ್ತರವನ್ನು ಅಂಗಡಿಯವರಿಂದ ಸರಿಮಾಡಿಸಿಕೊಳ್ಳಿ. ಕೂತಾಗ ಎರಡೂ ಕಾಲಿನ ತುದಿ ನೆಲ ಮುಟ್ಟುವಂತಿದ್ದರೆ ಹೊಸಬರಿಗೆ ಧೈರ್ಯ ಬರುತ್ತದೆ.

ಬ್ಯಾಟರಿ ಸೈಕಲ್ ಓಡಿಸಬಹುದೇ ಎಂದು ಕೇಳುವವರಿದ್ದಾರೆ. ಇ-ಬೈಕುಗಳಲ್ಲಿ ಮೂರು ದರ್ಜೆ. ತುಳಿದಾಗ ಮಾತ್ರ ಮೋಟಾರು ನೆರವಾಗಿ, ಗಂಟೆಗೆ 20 ಮೈಲಿಗೆ ನಿಲ್ಲುವುದು ಮೊದಲ ದರ್ಜೆ. ತುಳಿಯದೆಯೂ ಓಡುವ, ಅಷ್ಟೇ ವೇಗದ್ದು ಎರಡನೆಯದು. 28 ಮೈಲಿವರೆಗೆ ನೆರವು ಕೊಡುವುದು ಮೂರನೆಯದು. ಒಹಾಯೊ ಕಾನೂನಿನಂತೆ ಮೊದಲ ಎರಡಕ್ಕೆ, ಬೇಡವೆಂಬ ಫಲಕವಿಲ್ಲದಿದ್ದರೆ, ಇಂಥ ಹಾದಿಗಳಲ್ಲಿ ಅವಕಾಶವಿದೆ. ಮೂರನೆಯದಕ್ಕೆ ಸಾಮಾನ್ಯವಾಗಿ ಇಲ್ಲ. ಬಾಡಿಗೆ ಅಂಗಡಿಯಲ್ಲಿ ಯಾವ ದರ್ಜೆ ಎಂದು ಕೇಳಿಯೇ ಪಡೆಯಿರಿ.

ಖರ್ಚಿನ ಮಾತು. ಹಾದಿಗೆ ಪ್ರವೇಶ ಶುಲ್ಕವಿಲ್ಲ. ನಡೆಯುವವರಿಗೆ ಒಳ್ಳೆಯ ಬೂಟು ಬಿಟ್ಟರೆ ಬೇರೆ ಖರ್ಚಿಲ್ಲ. ಬಾಡಿಗೆ ಸೈಕಲ್ಲಿಗೆ ಗಂಟೆಯ ದರವೂ ದಿನದ ದರವೂ ಇರುತ್ತವೆ. ಎರಡನ್ನೂ ಮೊದಲೇ ಕೇಳಿ. ಹಿರಿಯರ ನಿಧಾನಕ್ಕೆ ದಿನದ ದರವೇ ಅಗ್ಗವಾಗಬಹುದು. ತಿಂಗಳುಗಟ್ಟಲೆ ಇರುವವರು ಬಾಡಿಗೆ ಕಟ್ಟುವ ಬದಲು ಹಳೆಯ ಸೈಕಲ್ ಕೊಳ್ಳುವುದು ಮೇಲು. ಬಳಸಿದ ಸಾಮಾನಿನ ಅಂಗಡಿಗಳಲ್ಲಿ ಸಿಗುತ್ತವೆ. ನೀವು ಊರಿಗೆ ಹೊರಟ ಮೇಲೆ ಮೊಮ್ಮಕ್ಕಳಿಗೂ ಆದೀತು. ಹೆಲ್ಮೆಟ್ ಮಾತ್ರ ಹೊಸದನ್ನೇ ಕೊಳ್ಳಿ, ಸುಮಾರು 20ರಿಂದ 30 ಡಾಲರಿಗೆ ಸಿಗುತ್ತದೆ. ಅಗ್ಗದ್ದು ಗಟ್ಟಿಯಿರುತ್ತದೋ ಇಲ್ಲವೋ ಎಂಬ ಸಂಶಯ ಬೇಡ. ಅಲ್ಲಿ ಮಾರುವ ಪ್ರತಿ ಸೈಕಲ್ ಹೆಲ್ಮೆಟ್ಟೂ ಸರ್ಕಾರದ ಸುರಕ್ಷತಾ ಮಾನದಂಡಕ್ಕೆ ಒಪ್ಪಲೇಬೇಕು. ಭಾರತದಿಂದ ಹೋಗುವವರು ಪ್ರಯಾಣ ವಿಮೆ ಮಾಡಿಸದೆ ಸೈಕಲ್ ಏರಬೇಡಿ. ಅಲ್ಲಿ ಮಣಿಕಟ್ಟಿನ ಮೂಳೆ ಮುರಿದರೂ ಆಸ್ಪತ್ರೆಯ ಬಿಲ್ಲು ಇಲ್ಲಿನವರ ಎಣಿಕೆಗೆ ಮೀರಿರುತ್ತದೆ.

ಹಾದಿಯ ಅಂಚಿನ ಗಿಡಗಳನ್ನು ಮುಟ್ಟಬೇಡಿ. ಅಲ್ಲಿ ಪಾಯ್ಸನ್ ಐವಿ ಎಂಬ ಬಳ್ಳಿಯಿದೆ. ಒಂದೇ ತೊಟ್ಟಿಗೆ ಮೂರು ಎಲೆ, ನಡುವಿನ ಎಲೆಯ ತೊಟ್ಟು ಉಳಿದೆರಡಕ್ಕಿಂತ ಉದ್ದ. ಮರ ಹತ್ತಿದ ಹಳೆಯ ಬಳ್ಳಿಗೆ ಒರಟು ಕೂದಲಿನಂಥ ಬೇರುಗಳು. ಮುಟ್ಟಿದ ಒಂದೆರಡು ದಿನದಲ್ಲಿ ಚರ್ಮ ಕೆಂಪೇರಿ, ನೀರುಗುಳ್ಳೆ ಎದ್ದು ವಿಪರೀತ ತುರಿಕೆ. ಇದು ಮಾವು, ಗೇರು ಸೇರಿದ ಕುಟುಂಬದ್ದೇ ಗಿಡ. ಮಾವಿನ ಸೊನೆ ತಾಗಿ ತುಟಿಯ ಸುತ್ತ ಗುಳ್ಳೆಯೇಳುವವರು, ಗೇರು ಸಿಪ್ಪೆಯ ಎಣ್ಣೆಗೆ ಕೈ ಸುಲಿಯುವವರು ವಿಶೇಷ ಎಚ್ಚರದಿಂದಿರಬೇಕು. ರಸದ ಗುಣ ಒಂದೇ ಬಗೆಯದು. ತಾಗಿತೆನಿಸಿದರೆ ಕೂಡಲೇ ಸೋಪು ಹಾಕಿ ತೊಳೆದುಕೊಳ್ಳಿ, ಬಟ್ಟೆಯನ್ನೂ ಒಗೆಯಿರಿ.

ಉಣುಗಿನ ಕಾಟವೂ ಇದೆ. ಮಂಗನ ಕಾಯಿಲೆಯನ್ನು ಕಂಡ ಮಲೆನಾಡಿನವರಿಗೆ ಉಣುಗಿನ ಬಗ್ಗೆ ಹೇಳಬೇಕಾಗಿಲ್ಲ. ಅಲ್ಲಿನ ಒಂದು ಜಾತಿಯ ಉಣುಗು ಲೈಮ್ ಎಂಬ ಬೇರೆ ಕಾಯಿಲೆ ಹರಡುತ್ತದೆ. ಹುಲ್ಲಿಗೆ ಇಳಿಯದೆ ಟಾರಿನ ಮೇಲೇ ಇದ್ದರೆ ಭಯ ಕಡಿಮೆ. ಮನೆಗೆ ಬಂದು ಸ್ನಾನ ಮಾಡುವಾಗ ಮಂಡಿಯ ಹಿಂದೆ, ಸೊಂಟ, ಕಿವಿಯ ಹಿಂದೆ ನೋಡಿಕೊಳ್ಳಿ.

ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಒಳ್ಳೆಯ ಕಾಲ. ಜುಲೈ, ಆಗಸ್ಟ್‌ನಲ್ಲಿ ಮಂಗಳೂರಿನವರಿಗೂ ಸಾಕೆನಿಸುವಷ್ಟು ಸೆಖೆ, ಆಗ ಬೆಳಿಗ್ಗೆ ಹೋಗಿ. ಅಕ್ಟೋಬರ್ ಉತ್ತರಾರ್ಧದಲ್ಲಿ ಎಲೆಗಳು ಹಳದಿ, ಕೆಂಪಾಗಿ ಕಣಿವೆಯೇ ಬೇರೆಯಾಗುತ್ತದೆ. ವರ್ಷದಲ್ಲಿ ಒಂದೇ ವಾರ ಆರಿಸಿಕೊಳ್ಳುವುದಾದರೆ ಅದನ್ನೇ ಆರಿಸಿಕೊಳ್ಳಿ. ಚಳಿಗಾಲದಲ್ಲಿ ಕುಡಿಯುವ ನೀರಿನ ನಲ್ಲಿಗಳನ್ನು ಮುಚ್ಚಿಬಿಡುತ್ತಾರೆ, ಹಿಮ ಗಟ್ಟಿಯಾಗಿ ಜಾರುತ್ತದೆ. ಊರು ದಾಟಿದ ಮೇಲೆ ಹಾದಿಗೆ ದೀಪಗಳಿಲ್ಲ. ಸಂಜೆಗತ್ತಲಾಗುವುದರೊಳಗೆ ಕಾರಿನ ಬಳಿ ಇರಬೇಕು. ಪ್ರತಿ ರಸ್ತೆ ದಾಟುವಾಗ ಅದರ ಹೆಸರನ್ನು ಓದಿಕೊಳ್ಳಿ. ತುರ್ತಾಗಿ 911ಕ್ಕೆ ಕರೆ ಮಾಡಬೇಕಾದರೆ "ಯಾವ ರಸ್ತೆ ದಾಟಿ ಎಷ್ಟು ದೂರ ಬಂದಿದ್ದೇವೆ" ಎನ್ನುವುದೇ ನಿಮ್ಮ ವಿಳಾಸ.

ನಕ್ಷೆ ಎಲ್ಲಿ ಸಿಗುತ್ತದೆ? ದಕ್ಷಿಣದ ಹೆಚ್ಚಿನ ಭಾಗ ರಾಜ್ಯ ಸರ್ಕಾರದ ಲಿಟ್ಲ್ ಮಯಾಮಿ ಸ್ಟೇಟ್ ಪಾರ್ಕ್ ಹೆಸರಿನಲ್ಲಿದೆ, ಜೀನಿಯಾ ಸುತ್ತಮುತ್ತಲಿನದನ್ನು ಗ್ರೀನ್ ಕೌಂಟಿಯವರು ನೋಡಿಕೊಳ್ಳುತ್ತಾರೆ. ಕೌಂಟಿ ಎಂದರೆ ನಮ್ಮ ಜಿಲ್ಲೆ ಇದ್ದಂತೆ. ಇವರ ಜಾಲತಾಣಗಳಲ್ಲಿ ನಕ್ಷೆಯೂ ದುರಸ್ತಿಗಾಗಿ ಮುಚ್ಚಿದ ಭಾಗಗಳ ವಿವರವೂ ಇರುತ್ತವೆ. ಮಗಳಿಗೋ ಅಳಿಯನಿಗೋ ಹೇಳಿ ಹಿಂದಿನ ರಾತ್ರಿಯೇ ನೋಡಿಸಿ. ಜೋರು ಮಳೆಯಾಗಿ ನದಿ ಉಕ್ಕಿದ್ದರೆ ಒಂದೆರಡು ದಿನ ಬಿಟ್ಟು ಹೋಗಿ. ನೀರು ಇಳಿದ ಮೇಲೂ ತಗ್ಗಿನಲ್ಲಿ ಟಾರಿನ ಮೇಲೆ ನುಣ್ಣನೆಯ ಕೆಸರು ಉಳಿದಿರುತ್ತದೆ, ಒಣಗಿದಂತೆ ಕಂಡರೂ ಚಕ್ರ ಜಾರುತ್ತದೆ. ಅಂಥ ಕಡೆ ಇಳಿದು ತಳ್ಳಿಕೊಂಡೇ ದಾಟಿ.